ಮಂಜಾಗಿದ್ದು ಅಪ್ಪನ ಕಣ್ಣಲ್ಲ, ಗ್ಯಾರೇಜಿನ ಬೆಳಕು

ಕ್ಲಾಸಿನಲ್ಲಿ ಯಾರಿಗಾದರೂ ಜೋಕು ತಡವಾಗಿ ಅರ್ಥವಾದರೆ ನಾವು ಅವನನ್ನು ‘ಟ್ಯೂಬ್‌ಲೈಟ್’ ಎಂದು ಕರೆಯುತ್ತೇವೆ. ಎಲೆಕ್ಟ್ರಿಕಲ್ ಬ್ರ್ಯಾಂಚಿನವನಾದ ನಾನು ಆ ಬೈಗುಳದ ಹಿಂದಿನ ತಾಂತ್ರಿಕ ಕಾರಣವನ್ನೂ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಸ್ಟಾರ್ಟರ್ ಒಳಗಿನ ಪಟ್ಟಿ ಬಿಸಿಯಾಗಿ ಬಾಗಬೇಕು, ಕೊಳವೆಯ ಎರಡೂ ತುದಿಯ ತಂತಿ ಕಾಯಬೇಕು, ಸ್ಟಾರ್ಟರ್ ಬಿಟ್ಟುಕೊಂಡಾಗ ಚೋಕ್ ಒಂದು ಜೋರಾದ ವೋಲ್ಟೇಜ್ ಒದೆ ಕೊಡಬೇಕು, ಆಮೇಲಷ್ಟೇ ದೀಪ. ಚಿತ್ರ ಸಮೇತ ಬರೆದಿದ್ದೆ. ಆದರೆ ನಮ್ಮಪ್ಪನ ಗ್ಯಾರೇಜಿನ ತಲೆ ಮೇಲೆ ಇಪ್ಪತ್ತು ವರ್ಷದಿಂದ ಮಿಣುಕುತ್ತಿದ್ದ ಆರು ಟ್ಯೂಬ್‌ಲೈಟುಗಳ ಕಡೆ ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಆ ಲೆಕ್ಕದಲ್ಲಿ ನಿಜವಾದ ಟ್ಯೂಬ್‌ಲೈಟ್ ನಾನೇ.

ನಮ್ಮದು ಹರಿಹರ. ಅಪ್ಪನದು ಬೈಕ್ ರಿಪೇರಿ ಗ್ಯಾರೇಜು. ಹತ್ತು ಅಡಿ ಅಗಲ, ಇಪ್ಪತ್ನಾಲ್ಕು ಅಡಿ ಉದ್ದ, ಮುಂದೆ ಒಂದು ಶಟರ್, ಬೇರೆ ಕಿಟಕಿ ಇಲ್ಲ. ಹಗಲಲ್ಲೂ ಲೈಟ್ ಬೇಕು. ಕಳೆದ ವರ್ಷ ಮಳೆಗಾಲದ ಒಂದು ಸಂಜೆ ಅಪ್ಪ ಒಂದು ಸ್ಕೂಟರಿನ ಸರ್ವಿಸ್ ಮುಗಿಸಿ ಕೊಟ್ಟಿದ್ದರು. ಎರಡು ದಿನ ಬಿಟ್ಟು ಆ ಸ್ಕೂಟರಿನ ಮೇಡಂ ವಾಪಸ್ ಬಂದರು. ಹಿಂದಿನ ಬ್ರೇಕ್ ಕೇಬಲ್ ಕಿತ್ತುಹೋಗಿತ್ತು. ಪುಣ್ಯಕ್ಕೆ ಮನೆ ಗೇಟಿನ ಹತ್ತಿರ ಕಿತ್ತಿದ್ದರಿಂದ ಏನೂ ಆಗಲಿಲ್ಲ. ಕೇಬಲ್ಲಿನ ಎಳೆಗಳು ಮೊದಲೇ ಒಂದೊಂದಾಗಿ ಬಿಟ್ಟುಕೊಂಡಿದ್ದವು, ಅಪ್ಪನಿಗೆ ಅದು ಕಂಡಿರಲಿಲ್ಲ. ಆ ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಪ್ಪ ಆ ರಾತ್ರಿ ಊಟ ಮಾಡದೆ ಎದ್ದರು. ‘ಕಣ್ಣು ಹೋಯ್ತು ಕಣೋ, ಇನ್ನು ಸಂಜೆ ಕೆಲಸ ಹಿಡಿಯಲ್ಲ’ ಎಂದರು.

ಸಂಜೆ ಕೆಲಸ ಬಿಡುವುದೆಂದರೆ ನಮ್ಮ ಮನೆಗೆ ಸಣ್ಣ ಮಾತಲ್ಲ. ಕೆಲಸಕ್ಕೆ, ಕಾಲೇಜಿಗೆ ಹೋಗುವವರು ಗಾಡಿ ತಂದು ಬಿಡುವುದೇ ಸಂಜೆ ಐದರ ಮೇಲೆ. ನನ್ನ ಸೆಮಿಸ್ಟರ್ ಫೀಸು ಬರುವುದೂ ಆ ಮೂರು ಗಂಟೆಯ ದುಡಿಮೆಯಿಂದಲೇ. ಮರುದಿನ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹತ್ತಿರದ ನೋಟಕ್ಕೆ ಕನ್ನಡಕ ಬರೆದುಕೊಟ್ಟು, ‘ವಯಸ್ಸಿಗೆ ಸರಿಯಾಗೇ ಇದೆ. ಕೆಲಸ ಮಾಡೋ ಜಾಗದಲ್ಲಿ ಬೆಳಕು ಹೇಗಿದೆ?’ ಎಂದು ಕೇಳಿದರು. ಅಪ್ಪ ‘ಆರು ಟ್ಯೂಬ್‌ಲೈಟ್ ಇದೆ ಸರ್’ ಎಂದರು. ನಾನು ಸುಮ್ಮನೆ ನಿಂತಿದ್ದೆ.

ಆರು ಟ್ಯೂಬಿದ್ದರೂ ಕತ್ತಲೆ

ಕಾಲೇಜಿನ ಲ್ಯಾಬಿನಲ್ಲಿ ಲಕ್ಸ್ ಮೀಟರ್ ಇತ್ತು. ಲೆಕ್ಚರರ್ ಹತ್ತಿರ ಕೇಳಿಕೊಂಡು ಶನಿವಾರ ಮನೆಗೆ ತಂದೆ. ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದರ ಅಳತೆ ಲಕ್ಸ್. ದೀಪದಿಂದ ಹೊರಬರುವ ಒಟ್ಟು ಬೆಳಕು ಲುಮೆನ್. ದೀಪ ತಿನ್ನುವ ವಿದ್ಯುತ್ತು ವ್ಯಾಟ್. ಮೂರನ್ನೂ ನಾವು ಪರೀಕ್ಷೆಯಲ್ಲಿ ಬೇರೆಬೇರೆಯಾಗಿಯೇ ಬರೆಯುತ್ತೇವೆ, ಅಂಗಡಿಗೆ ಹೋದಾಗ ಮಾತ್ರ ಮೂರನ್ನೂ ಮರೆತು ‘ಎಷ್ಟು ವ್ಯಾಟ್ ಅಣ್ಣ?’ ಎಂದು ಕೇಳುತ್ತೇವೆ.

ಯಂತ್ರದ ರಿಪೇರಿ ಕೆಲಸಕ್ಕೆ 300 ಲಕ್ಸ್ ಆಸುಪಾಸು ಬೆಳಕು ಬೇಕು. ನಮ್ಮ ಗ್ಯಾರೇಜಿನಲ್ಲಿ ಬೈಕ್ ನಿಲ್ಲಿಸುವ ಜಾಗದಲ್ಲಿ ಮೀಟರ್ 85 ತೋರಿಸಿತು. ಅಪ್ಪ ಕೂರುವ ಹಾಗೆ ನಾನೂ ಕುಕ್ಕರುಗಾಲಲ್ಲಿ ಕೂತು, ನನ್ನ ನೆರಳು ಬೀಳುವಂತೆ ಎಂಜಿನ್ ಪಕ್ಕ ಮೀಟರ್ ಹಿಡಿದೆ. 40 ಬಂತು. ಬ್ರೇಕ್ ಕೇಬಲ್ಲಿನ ಕೂದಲೆಳೆಯಂಥ ತಂತಿ ತುಂಡಾಗಿದೆಯೇ ಎಂದು ಅಪ್ಪ ಹುಡುಕುತ್ತಿದ್ದದ್ದು ಆ 40 ಲಕ್ಸಿನಲ್ಲಿ. ವಯಸ್ಸು ಐವತ್ತು ದಾಟಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತಾ ಬರುತ್ತದೆ. ಇಪ್ಪತ್ತರ ಹುಡುಗನಿಗಿಂತ ಹೆಚ್ಚು ಬೆಳಕು ಬೇಕಾಗುವುದೇ ಆಗ. ನಾವು ಅವರಿಗೆ ಕೊಟ್ಟಿದ್ದು ಕಡಿಮೆ ಬೆಳಕು, ಹೊರಿಸಿದ್ದು ‘ಕಣ್ಣು ಹೋಯ್ತು’ ಎಂಬ ತಪ್ಪು.

ಕಾರಣಗಳನ್ನು ಪಟ್ಟಿ ಮಾಡಿದೆ. ಟ್ಯೂಬುಗಳು ಹನ್ನೆರಡು ಅಡಿ ಮೇಲೆ ಸೂರಿಗೆ ಅಂಟಿದ್ದವು. ಕೊಳವೆ ಸುತ್ತಲೂ ಬೆಳಕು ಚೆಲ್ಲುತ್ತದೆ, ಅರ್ಧ ಮೇಲಕ್ಕೇ ಹೋಗುತ್ತಿತ್ತು. ಮೇಲಿದ್ದ ಸೂರು ಹೊಗೆ ಹಿಡಿದು ಕಪ್ಪಾಗಿತ್ತು, ಬಂದ ಬೆಳಕನ್ನು ನುಂಗುತ್ತಿತ್ತು. ಟ್ಯೂಬಿನ ಮೇಲೆ ಎಣ್ಣೆ ಧೂಳಿನ ಪದರ. ಎರಡರ ತುದಿಗಳು ಕಪ್ಪಾಗಿ, ಉರಿಯುವುದೋ ಬೇಡವೋ ಎಂದು ಯೋಚಿಸುತ್ತಿದ್ದವು. ಆರೂ ಮಧ್ಯದ ಸಾಲಿನಲ್ಲೇ ಇದ್ದವು, ಹಾಗಾಗಿ ಗೋಡೆ ಕಡೆ ತಿರುಗಿ ಕೂತವರಿಗೆ ತಮ್ಮದೇ ಬೆನ್ನಿನ ನೆರಳು.

ನಾನು ಮಾಡಿದ ದಡ್ಡತನ

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಮಾಡಿದ್ದೇನು? ಪೇಟೆಗೆ ಹೋಗಿ ತೊಂಬತ್ತು ರೂಪಾಯಿಗೆ ಒಂದರಂತೆ ಹೆಸರಿಲ್ಲದ ಆರು ಎಲ್‌ಇಡಿ ಪಟ್ಟಿ ತಂದು, ಹಳೆಯವನ್ನು ಬಿಚ್ಚಿ, ಅದೇ ಜಾಗದಲ್ಲಿ ಹಾಕಿದೆ. ಡಬ್ಬದ ಮೇಲೆ ‘20 ವ್ಯಾಟ್’ ಎಂದಿತ್ತು, ಲುಮೆನ್ ಎಷ್ಟೆಂದು ಇರಲಿಲ್ಲ. ನೀಲಿ ಮಿಶ್ರಿತ ಬಿಳಿ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಕೈಯ ಹತ್ತಿರ ಮಾತ್ರ ಕತ್ತಲೆ ಹಾಗೇ ಇತ್ತು. ವೈರಿಂಗ್ ಕಿಟ್ಟಿನಲ್ಲಿ ಕಂದು ಯಾವುದು, ಕೆಂಪು ಯಾವುದು ಎಂದು ಅಪ್ಪ ಶಟರ್ ಬಳಿ ತಂದು ನೋಡಬೇಕಾಯಿತು. ಒಂದು ತಿಂಗಳಲ್ಲಿ, ಗುಡುಗು ಮಳೆಯ ಒಂದು ರಾತ್ರಿ ಕರೆಂಟು ಏರಿಳಿದಾಗ, ಮೂರು ಪಟ್ಟಿ ಒಟ್ಟಿಗೆ ಸತ್ತವು. ಅಪ್ಪ ಸ್ಪ್ಯಾನರ್ ಒರೆಸುತ್ತಾ ಕೇಳಿದ್ದು ಒಂದೇ ಮಾತು: ‘ನಿಂದು ಈಗ ಎಷ್ಟನೇ ಸೆಮಿಸ್ಟರು?’

ಆ ಮಾತು ನನಗೆ ನಾಟಿತು. ‘ಹಳೆಯದನ್ನು ತೆಗೆದು ಎಲ್‌ಇಡಿ ಹಾಕಿ’ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಒಂದು ಟ್ಯೂಬು ಬಿಚ್ಚಿ ಅದೇ ಜಾಗಕ್ಕೆ ಒಂದು ಪಟ್ಟಿ ಹಾಕಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ನಾವು ಓದಿದ್ದು ಉಪಯೋಗಕ್ಕೆ ಬರಬೇಕಾದ್ದು ಅದರ ಮುಂದಿನ ಹೆಜ್ಜೆಯಲ್ಲಿ.

ಎರಡನೇ ಸಲ ಅವಸರ ಮಾಡಲಿಲ್ಲ. ಡಬ್ಬದ ಮೇಲೆ ನಾಲ್ಕು ವಿಷಯ ನೋಡಿದೆ. ಒಂದು, ಲುಮೆನ್: 20 ವ್ಯಾಟಿಗೆ ಕನಿಷ್ಠ 2,000 ಇರಬೇಕು. ಎರಡು, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಸಿಆರ್‌ಐ ಸಂಖ್ಯೆ: 80ಕ್ಕಿಂತ ಮೇಲಿರಬೇಕು, ವೈರಿನ ಬಣ್ಣ ತಿಳಿಯುವುದು ಇದರಿಂದಲೇ. ಮೂರು, ಪವರ್ ಫ್ಯಾಕ್ಟರ್ 0.9 ಮತ್ತು ವೋಲ್ಟೇಜ್ ಏರಿಳಿತ ತಡೆಯುವ ಶಕ್ತಿ. ನಾಲ್ಕು, ಬಿಐಎಸ್ ನೋಂದಣಿ ಸಂಖ್ಯೆ ಮತ್ತು ಬಿಲ್ಲಿನ ಜೊತೆಗಿನ ಗ್ಯಾರಂಟಿ. ಒಂದಕ್ಕೆ 280 ರೂಪಾಯಿ ಬಿತ್ತು.

ಜಾಗವನ್ನೂ ಬದಲಿಸಿದೆ. ಮಧ್ಯದ ಒಂದು ಸಾಲಿನ ಬದಲು ಎಡಕ್ಕೆ ಮೂರು, ಬಲಕ್ಕೆ ಮೂರು. ಸರಪಳಿ ಕಟ್ಟಿ ಒಂಬತ್ತು ಅಡಿಗೆ ಇಳಿಸಿದೆವು. ಎರಡು ಕಡೆಯಿಂದ ಬೆಳಕು ಬಂದರೆ ಒಂದು ಕಡೆಯ ನೆರಳನ್ನು ಇನ್ನೊಂದು ಕಡೆಯ ದೀಪ ಅಳಿಸುತ್ತದೆ. ಸೂರಿಗೂ ಗೋಡೆಗೂ ಸುಣ್ಣ ಹೊಡೆದೆವು. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಮತ್ತು ಅತ್ಯಂತ ಹಳೆಯ ತಂತ್ರಜ್ಞಾನ ಇದೇ. ಸುಣ್ಣ ಒಣಗಿದ ದಿನ ಮೀಟರ್ ಹಿಡಿದೆ: ಬೈಕಿನ ಜಾಗದಲ್ಲಿ 310, ಎಂಜಿನ್ ಪಕ್ಕದ ನೆರಳಿನಲ್ಲೂ 190. ಅಪ್ಪ ಏನೂ ಹೇಳಲಿಲ್ಲ. ಒಂದು ಹಳೆಯ ಕೇಬಲ್ ಕೈಗೆತ್ತಿಕೊಂಡು, ಬೆರಳಲ್ಲಿ ಬಾಗಿಸಿ, ಎಳೆಗಳನ್ನು ಎಣಿಸತೊಡಗಿದರು.

ಬಿಲ್ಲಿನ ಲೆಕ್ಕ

ಈಗ ದುಡ್ಡಿನ ಮಾತು. ಹಳೆಯ ಟ್ಯೂಬು 36 ವ್ಯಾಟಿನದು. ಆದರೆ ತಾಮ್ರದ ಚೋಕ್ ಬಿಸಿಯಾಗಿಯೇ ಹನ್ನೆರಡು ಹದಿನಾಲ್ಕು ವ್ಯಾಟ್ ತಿನ್ನುತ್ತದೆ. ಒಟ್ಟು ಸುಮಾರು 50. ಆರಕ್ಕೆ 300 ವ್ಯಾಟ್. ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ ಎಂದರೆ 78 ಯೂನಿಟ್. ಹೊಸ ಆರು ದೀಪಗಳಿಗೆ 120 ವ್ಯಾಟ್, ತಿಂಗಳಿಗೆ 31 ಯೂನಿಟ್ ಚಿಲ್ಲರೆ. ಉಳಿದದ್ದು ಹತ್ತಿರ ಹತ್ತಿರ 47 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 328 ರೂಪಾಯಿ. ದೀಪ, ವೈರು, ಸರಪಳಿ, ಸುಣ್ಣ ಎಲ್ಲ ಸೇರಿ 2,700 ಆಗಿತ್ತು. ಎಂಟೂಕಾಲು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. (ನನ್ನ ಮೊದಲ ದಡ್ಡತನದ 540 ರೂಪಾಯಿ ಇದರಲ್ಲಿ ಇಲ್ಲ. ಅದನ್ನು ಅಪ್ಪ ಟ್ಯೂಷನ್ ಫೀಸು ಎಂದು ಬರೆದುಕೊಂಡಿದ್ದಾರೆ.)

ಮನೆಗೆ ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಹಲವರು ಕರೆಂಟಿನ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇವೆ. ಆದರೆ ಆ ಯೋಜನೆ ಮನೆಗಳಿಗೆ ಮಾತ್ರ. ಗ್ಯಾರೇಜು, ಟೈಲರ್ ಅಂಗಡಿ, ವೆಲ್ಡಿಂಗ್ ಶಾಪು, ಹೋಟೆಲುಗಳು ಪ್ರತಿ ಯೂನಿಟ್ಟಿಗೂ ದುಡ್ಡು ಕಟ್ಟುತ್ತವೆ. 2015ರ ಕೊನೆಯಲ್ಲಿ ‘ಹೊಸ ಬೆಳಕು’ ಯೋಜನೆ ಬಂದಾಗ ಅಮ್ಮ ಕರೆಂಟ್ ಬಿಲ್ಲು ಹಿಡಿದು ಸಾಲಿನಲ್ಲಿ ನಿಂತು ಎಲ್‌ಇಡಿ ಬಲ್ಬು ತಂದದ್ದು ನನಗೆ ನೆನಪಿದೆ. ಮನೆ ಬೆಳಗಿತು. ಆ ಮನೆ ನಡೆಸುವ ಗ್ಯಾರೇಜು ಮಾತ್ರ ಇನ್ನೂ ಹತ್ತು ವರ್ಷ ಚೋಕಿನ ಗುಂಯ್‌ಗುಡುವಿಕೆಯಲ್ಲೇ ಉಳಿಯಿತು.

ದುಡ್ಡಿಗಿಂತ ದೊಡ್ಡದು ಕೈಬೆರಳು. ನಮ್ಮ ವಿದ್ಯುತ್ತು 50 ಹರ್ಟ್ಸ್, ಆದ್ದರಿಂದ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತದೆ. ಗ್ರೈಂಡರ್ ಚಕ್ರ ನಿಮಿಷಕ್ಕೆ ಸುಮಾರು 2,880 ಸುತ್ತು ಎಂದರೆ ಸೆಕೆಂಡಿಗೆ 48 ಸುತ್ತು ತಿರುಗುತ್ತದೆ. ಈ ಎರಡು ಲಯಗಳು ಹತ್ತಿರ ಬಂದಾಗ ತಿರುಗುವ ಚಕ್ರ ಮೆಲ್ಲಗೆ ಸುತ್ತುವಂತೆ, ಕೆಲವೊಮ್ಮೆ ನಿಂತೇ ಬಿಟ್ಟಂತೆ ಕಾಣಬಹುದು. ಇದನ್ನು ತಪ್ಪಿಸಲು ಎರಡು ಟ್ಯೂಬಿನ ಲೀಡ್-ಲ್ಯಾಗ್ ಸರ್ಕ್ಯೂಟ್ ಇದೆಯೆಂದು ನಾವು ಪುಸ್ತಕದಲ್ಲಿ ಓದುತ್ತೇವೆ. ಅಗ್ಗದ ಎಲ್‌ಇಡಿಯಲ್ಲೂ ಒಳಗಿನ ಡ್ರೈವರ್ ಸರಿಯಿಲ್ಲದಿದ್ದರೆ ಇದೇ ಮಿಣುಕು ಇರುತ್ತದೆ. ಕಂಡುಹಿಡಿಯುವುದು ಸುಲಭ: ಮೊಬೈಲ್ ಕ್ಯಾಮೆರಾ ತೆರೆದು ದೀಪದ ಕಡೆ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ದಟ್ಟವಾಗಿ ಓಡಿದರೆ ಆ ದೀಪ ಗ್ರೈಂಡರ್ ಪಕ್ಕಕ್ಕೆ ಬೇಡ. ಹಾಗೆಯೇ ಪೆಟ್ರೋಲಿನಲ್ಲಿ ಕಾರ್ಬೊರೇಟರ್ ತೊಳೆಯುವ ಜಾಗಕ್ಕೆ 230 ವೋಲ್ಟಿನ ಬಲ್ಬು ಸಿಕ್ಕಿಸಿದ ಹಳೆಯ ಹ್ಯಾಂಡ್ ಲ್ಯಾಂಪ್ ಒಯ್ಯುವುದನ್ನು ಬಿಟ್ಟು, ಚಾರ್ಜ್ ಮಾಡುವ ಎಲ್‌ಇಡಿ ದೀಪ ಇಟ್ಟುಕೊಳ್ಳುವುದು ಕ್ಷೇಮ.

ಒಪ್ಪಬೇಕಾದ ಮಾತುಗಳು

ನಮ್ಮ ಬೀದಿಯ ಎಲೆಕ್ಟ್ರೀಷಿಯನ್ ಮಾಮ ನನ್ನ ಉತ್ಸಾಹಕ್ಕೆ ತಣ್ಣೀರು ಹಾಕಿದರು. ‘ಟ್ಯೂಬ್‌ಲೈಟ್ ಕೆಟ್ಟರೆ ಹದಿನೈದು ರೂಪಾಯಿ ಸ್ಟಾರ್ಟರ್ ಹಾಕಿ ಓಡಿಸ್ತಿದ್ವಿ. ನಿನ್ನ ಎಲ್‌ಇಡಿ ಕೆಟ್ಟರೆ ಪೂರ್ತಿ ಎಸೀಬೇಕು’ ಎಂದರು. ಅವರ ಮಾತು ಸರಿ. ಎಲ್‌ಇಡಿ ಚಿಪ್ಪು ವರ್ಷಗಟ್ಟಲೆ ಬಾಳುತ್ತದೆ, ಸಾಯುವುದು ಹೆಚ್ಚಾಗಿ ಅದರ ಡ್ರೈವರ್. ಅದನ್ನು ಬಿಚ್ಚಿ ಬದಲಿಸಲು ಬರುವ ಫಿಟ್ಟಿಂಗನ್ನೇ ಕೇಳಿ ಕೊಳ್ಳಬೇಕು. ಎಲ್ಲರೂ ಕೇಳಿದರೆ ಅಂಗಡಿಯವರೂ ತರಿಸುತ್ತಾರೆ. ನಾನು ಬಿದ್ದುಹೋದ ಮೂರು ಪಟ್ಟಿಗಳನ್ನು ಆ ಮಾಮನ ಹತ್ತಿರವೇ ಒಯ್ದೆ. ಇಬ್ಬರೂ ಕೂತು ಎರಡಕ್ಕೆ ಬೇರೆ ಡ್ರೈವರ್ ಹಾಕಿ ಬದುಕಿಸಿದೆವು. ಅವು ಈಗ ಗ್ಯಾರೇಜಿನ ಹಿಂದಿನ ಸಾಮಾನು ಕೋಣೆಯಲ್ಲಿವೆ.

ಇನ್ನೊಂದು ಸಮಸ್ಯೆ ಬಗೆಹರಿದಿಲ್ಲ. ಬಿಚ್ಚಿದ ಆರು ಟ್ಯೂಬುಗಳನ್ನು ಏನು ಮಾಡುವುದು? ಪ್ರತಿ ಕೊಳವೆಯಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಅದರ ಆವಿಯೇ ಅತಿನೇರಳೆ ಕಿರಣ ಹೊರಡಿಸಿ ಗಾಜಿನ ಒಳಗಿನ ಬಿಳಿ ಪುಡಿಯನ್ನು ಬೆಳಗಿಸುವುದು. ಒಡೆದರೆ ಆ ಪಾದರಸ ಗಾಳಿಗೆ, ಮಣ್ಣಿಗೆ. ಭಾರತವೂ ಸೇರಿರುವ ಮಿನಮಾಟಾ ಒಪ್ಪಂದದ ದೇಶಗಳು 2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿ, 2027ರೊಳಗೆ ಸಾಮಾನ್ಯ ಬಳಕೆಯ ಫ್ಲೋರೊಸೆಂಟ್ ಕೊಳವೆಗಳ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿವೆ. ನಮ್ಮ ಇ-ತ್ಯಾಜ್ಯ ನಿಯಮಗಳಲ್ಲೂ ಪಾದರಸದ ದೀಪಗಳ ಹೆಸರಿದೆ. ಆದರೆ ನಾನು ಟ್ಯೂಬು ಹಿಡಿದು ವಿಚಾರಿಸಿದ ಕಡೆಯೆಲ್ಲ ಸಿಕ್ಕ ಉತ್ತರ ‘ಕಸದ ಗಾಡಿಗೆ ಹಾಕಪ್ಪ’. ಕಸದ ಗಾಡಿಗೆ ಹಾಕಿದರೆ ಮೊದಲ ತಿರುವಿನಲ್ಲೇ ಒಡೆಯುತ್ತದೆ, ಆ ಗಾಡಿಯ ಹಿಂದೆ ನಿಂತು ಕೆಲಸ ಮಾಡುವವರೂ ಯಾರದೋ ಅಪ್ಪ. ಹಾಗಾಗಿ ಆರು ಟ್ಯೂಬುಗಳು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ನಮ್ಮ ಅಟ್ಟದ ಮೇಲೆ ಮಲಗಿವೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಳೆಯ ಚಾರ್ಜರ್ ಹಾಕಲು ಇ-ತ್ಯಾಜ್ಯದ ಡಬ್ಬ ಇಟ್ಟಿರುತ್ತಾರೆ. ಅದರ ಪಕ್ಕ ಟ್ಯೂಬ್‌ಲೈಟಿಗೂ ಒಂದು ಉದ್ದನೆಯ ಪೆಟ್ಟಿಗೆ ಇಟ್ಟು, ಸುತ್ತಲಿನ ಅಂಗಡಿಗಳಿಂದ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಕೆಲಸವನ್ನು ಕಾಲೇಜುಗಳು ಮಾಡಬಾರದೇಕೆ?

ಒಬ್ಬೊಬ್ಬರು ಒಂದೊಂದು ಅಂಗಡಿ

ಬಿಳಿ ಎಲ್‌ಇಡಿ ಸಾಧ್ಯವಾದದ್ದು ನೀಲಿ ಎಲ್‌ಇಡಿಯಿಂದ. ನೀಲಿ ಚಿಪ್ಪಿನ ಮೇಲೆ ಹಳದಿ ಪುಡಿ ಲೇಪಿಸಿದರೆ ಕಣ್ಣಿಗೆ ಬಿಳಿ ಕಾಣುತ್ತದೆ. ಆ ನೀಲಿಗಾಗಿ 2014ರ ಭೌತವಿಜ್ಞಾನದ ನೊಬೆಲ್ ಪಡೆದ ಮೂವರಲ್ಲಿ ಶುಜಿ ನಕಮುರಾ ಒಬ್ಬರು. ಅವರು ಓದಿದ್ದು ಟೊಕುಶಿಮಾ ಎಂಬ ಪ್ರಾಂತ್ಯದ ವಿಶ್ವವಿದ್ಯಾಲಯದಲ್ಲಿ, ಕೆಲಸಕ್ಕೆ ಸೇರಿದ್ದು ಅಲ್ಲಿನದೇ ಒಂದು ಸಣ್ಣ ರಾಸಾಯನಿಕ ಕಂಪನಿಗೆ. ಬೇಕಾದ ಉಪಕರಣ ಸಿಗದಿದ್ದಾಗ ಸ್ಫಟಿಕದ ಕೊಳವೆಗಳನ್ನು ತಾವೇ ವೆಲ್ಡ್ ಮಾಡಿಕೊಳ್ಳುತ್ತಿದ್ದರು, ಯಂತ್ರವನ್ನು ತಾವೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. 1993ರಲ್ಲಿ ಪ್ರಕಾಶಮಾನವಾದ ನೀಲಿ ದೀಪ ತೋರಿಸಿದಾಗ ಅವರಿಗೆ ಇನ್ನೂ ಪಿಎಚ್‌.ಡಿ. ಆಗಿರಲಿಲ್ಲ. ಕೈಗೆ ಮಸಿ ಹತ್ತಿಸಿಕೊಳ್ಳುವ ಎಂಜಿನಿಯರಿಗೆ ಬೆಲೆಯಿಲ್ಲ ಎನ್ನುವವರಿಗೆ ನಾನು ಈಗ ಈ ಕಥೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಮೊದಲು ಹೇಳಬೇಕಾದ್ದು ನನಗೇ. ಮೊದಲ ವರ್ಷದಲ್ಲಿ ‘ಅಪ್ಪ ಏನು ಮಾಡ್ತಾರೆ?’ ಎಂದು ಕೇಳಿದವರಿಗೆಲ್ಲ ನಾನು ‘ಬಿಸಿನೆಸ್’ ಎಂದೇ ಹೇಳಿದ್ದೆ.

ಗೆಳೆಯರೇ, ಮಿನಿ ಪ್ರಾಜೆಕ್ಟ್ ಸಮಯ ಬಂದರೆ ನಮ್ಮಲ್ಲಿ ಎಷ್ಟೋ ಮಂದಿ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುತ್ತೇವೆ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಅದರ ಬಣ್ಣ ಬಯಲಾಗುತ್ತದೆ. ಅದರ ಬದಲು ನಿಮ್ಮ ಬೀದಿಯ ಒಂದು ಅಂಗಡಿಯನ್ನು ಆರಿಸಿಕೊಳ್ಳಿ. ಮೂರು ತಿಂಗಳ ಬಿಲ್ಲು ಕೇಳಿ. ಲಕ್ಸ್ ಮೀಟರ್ ಹಿಡಿಯಿರಿ, ಇಲ್ಲದಿದ್ದರೆ ಮೊಬೈಲ್ ಆ್ಯಪ್ ಆದರೂ ಸರಿ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಸಾಕು. ಕೆಲಸ ಮಾಡುವವರು ಕೂರುವ ಜಾಗದಲ್ಲಿ ಕೂತು ನೋಡಿ. ಲೆಕ್ಕ ಬರೆದುಕೊಡಿ. ವೈರಿಂಗ್ ಮುಟ್ಟುವಾಗ ಮಾತ್ರ ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಪಕ್ಕದಲ್ಲಿರಲಿ. ಇಂಥ ಕೆಲಸವನ್ನೇ ವೃತ್ತಿಯಾಗಿ ಮಾಡುವವರಿಗೆ ಎನರ್ಜಿ ಆಡಿಟರ್ ಎಂಬ ಹೆಸರಿದೆ, ಪದವಿ ಮತ್ತು ಅನುಭವದ ಬಳಿಕ ಬರೆಯಬಹುದಾದ ರಾಷ್ಟ್ರಮಟ್ಟದ ಪರೀಕ್ಷೆಯೂ ಇದೆ. ಆ ದಾರಿ ಹಿಡಿಯಿರಿ, ಬಿಡಿ, ರೆಸ್ಯೂಮಿನಲ್ಲಿ ಬರೆಯಲು ಒಂದು ನಿಜವಾದ ಸಾಲಂತೂ ಸಿಗುತ್ತದೆ.

ಅಪ್ಪ ಸಂಜೆ ಕೆಲಸ ಬಿಡಲಿಲ್ಲ. ಕಳೆದ ವಾರ ಅದೇ ಮೇಡಂ ಅದೇ ಸ್ಕೂಟರ್ ಸರ್ವಿಸ್ಸಿಗೆ ತಂದಿದ್ದರು. ಅಪ್ಪ ಕೇಬಲ್ ಬಿಚ್ಚಿ ದೀಪದ ಕೆಳಗೆ ಹಿಡಿದು ತೋರಿಸಿ, ‘ನೋಡಿ ಮೇಡಂ, ಎಳೆ ಎಲ್ಲ ಸರಿ ಇದೆ’ ಎಂದರು. ಪಕ್ಕದ ಟೈಲರ್ ಅಂಗಡಿಯವರು ಅದನ್ನೇ ನೋಡುತ್ತಿದ್ದರು. ‘ನಮ್ಮಲ್ಲೂ ಒಮ್ಮೆ ಆ ಮೀಟ್ರು ಹಿಡಿದು ನೋಡ್ತೀಯೇನಪ್ಪ?’ ಎಂದು ನನ್ನನ್ನು ಕೇಳಿದ್ದಾರೆ. ಶನಿವಾರ ಹೋಗುತ್ತಿದ್ದೇನೆ.